ಐದು ನಿಮಿಷದ ಸಿನಿಮಾ, ಹತ್ತು ವಾರದ ಗಡುವು: ಅನಿಮೇಷನ್ ಪದವಿಯ ಕೊನೆಯಲ್ಲಿ ಏನು ಮಾಡಲಿ?

ಪ್ರಶ್ನೆ: ನಾನು ಕಂಪ್ಯೂಟರ್ ಅನಿಮೇಷನ್ ಪದವಿಯ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ನನ್ನ ಪದವಿ ಸಿನಿಮಾ ಒಪ್ಪಿಸಲು ಇನ್ನು ಹತ್ತು ವಾರ ಉಳಿದಿದೆ. ಮನೆ ಖಾಲಿ ಮಾಡುತ್ತಿರುವ ಒಬ್ಬ ಅಜ್ಜ ತನ್ನ ಹಳೆಯ ಪೆಟ್ಟಿಗೆಯನ್ನು ಹೊರಲಾಗದೆ ಒದ್ದಾಡುವ ಐದು ನಿಮಿಷದ ಕಥೆ ಅದು. ಇಲ್ಲಿಯವರೆಗೆ 70 ಸೆಕೆಂಡು ಮಾತ್ರ ಅನಿಮೇಟ್ ಆಗಿದೆ. ಒಂದು ಫ್ರೇಮ್ (ಒಂದು ಬಿಡಿ ಚಿತ್ರ) ರೆಂಡರ್ ಆಗಲು, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಅದನ್ನು ಕೊನೆಯ ಚಿತ್ರವಾಗಿ ಮೂಡಿಸಲು, 18 ನಿಮಿಷ ಹಿಡಿಯುತ್ತದೆ. ಅಜ್ಜ ನೀರಿನಲ್ಲಿ ತೇಲಿದ ಹಾಗೆ ಕಾಣುತ್ತಾನೆ ಎಂದು ಮೇಷ್ಟ್ರು ಹೇಳುತ್ತಾರೆ. ಯಾಕೆ ಅಂತ ನನಗೆ ಗೊತ್ತಾಗುತ್ತಿಲ್ಲ. ಮಾಡೆಲಿಂಗ್, ರಿಗ್ಗಿಂಗ್ (ಪಾತ್ರವನ್ನು ಆಡಿಸಲು ಒಳಗೆ ಮೂಳೆ, ಕೀಲು ಜೋಡಿಸುವುದು), ಲೈಟಿಂಗ್ ಎಲ್ಲವೂ ಸ್ವಲ್ಪ ಸ್ವಲ್ಪ ಬರುತ್ತದೆ, ಯಾವುದೂ ಗಟ್ಟಿಯಾಗಿ ಬರುವುದಿಲ್ಲ. ಚಿತ್ರ ಬರೆಯುವುದರಲ್ಲೂ ಹಿಂದೆ. ನನಗಿಂತ ಮುಂಚೆ ಮುಗಿಸಿದವರಲ್ಲಿ ಹಲವರು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಎಐ ಬಂದಮೇಲೆ ಇದೆಲ್ಲ ಯಾಕೆ ಎಂದು ಮನೆಯಲ್ಲೂ ಕೇಳುತ್ತಾರೆ. ಒಂದು ಸೆಮಿಸ್ಟರ್ ಮುಂದೂಡಲಾ? ಇನ್ನೊಂದು ಕೋರ್ಸ್ ಸೇರಲಾ? ಇಷ್ಟು ವರ್ಷ ದಂಡವಾಯಿತಾ? ಅಜ್ಜ ಪೆಟ್ಟಿಗೆ ಎತ್ತುವ 12 ಸೆಕೆಂಡಿನ ಶಾಟ್ ಜೊತೆಗೆ ಕಳಿಸಿದ್ದೇನೆ. (ಹೆಸರು ಬೇಡ)

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯಗಳು ಒಂದಕ್ಕೊಂದು ಸಿಕ್ಕು ಬಿದ್ದಿವೆ. ಸಿನಿಮಾ ಮುಗಿಯುತ್ತದಾ ಎನ್ನುವುದು ಒಂದು. ನನಗೆ ಈ ಕೆಲಸ ಬರುತ್ತದಾ ಎನ್ನುವುದು ಇನ್ನೊಂದು. ಬಂದರೂ ಹೊರಗೆ ಕೆಲಸ ಇದೆಯಾ ಎನ್ನುವುದು ಮೂರನೆಯದು. ಮೂರನ್ನೂ ಒಟ್ಟಿಗೆ ಹೊತ್ತುಕೊಂಡು ರಾತ್ರಿ ಕಂಪ್ಯೂಟರ್ ಮುಂದೆ ಕೂತರೆ ಕೈ ಓಡುವುದಿಲ್ಲ. ಹಾಗಾಗಿ ಒಂದೊಂದಾಗಿ ಬಿಡಿಸೋಣ. ಮೊದಲನೆಯದು ಬರೀ ಲೆಕ್ಕ, ಅದರಿಂದಲೇ ಶುರು ಮಾಡುತ್ತೇನೆ.

ಐದು ನಿಮಿಷ ಅಂದರೆ 300 ಸೆಕೆಂಡು. ಸೆಕೆಂಡಿಗೆ 24 ಫ್ರೇಮ್‌ನಂತೆ 7,200 ಫ್ರೇಮ್. ಒಂದಕ್ಕೆ 18 ನಿಮಿಷವಾದರೆ ಒಟ್ಟು 2,160 ಗಂಟೆ. ಅಂದರೆ ಒಂದು ಕಂಪ್ಯೂಟರ್ ಹಗಲು ರಾತ್ರಿ ನಿಲ್ಲದೆ ಓಡಿದರೂ 90 ದಿನ ಬೇಕು. ನಿಮ್ಮ ಹತ್ತಿರ ಇರುವುದು 70 ದಿನ. ಅನಿಮೇಷನ್ ಪೂರ್ತಿ ಮುಗಿದು ಇವತ್ತೇ ರೆಂಡರ್ ಶುರುವಾದರೂ ಸಿನಿಮಾ ಗಡುವಿಗೆ ಬರುವುದಿಲ್ಲ. ಅನಿಮೇಷನ್ ಲೆಕ್ಕವೂ ಅಷ್ಟೇ. ಉಳಿದಿರುವುದು 230 ಸೆಕೆಂಡು, ವಾರಕ್ಕೆ 23 ಸೆಕೆಂಡು. ದೊಡ್ಡ ಸ್ಟುಡಿಯೊಗಳಲ್ಲಿ ಪಳಗಿದ ಅನಿಮೇಟರ್‌ಗಳೇ ಸಿನಿಮಾ ಮಟ್ಟದ ಕೆಲಸವನ್ನು ವಾರಕ್ಕೆ ಕೆಲವೇ ಸೆಕೆಂಡು ಮಾಡುತ್ತಾರೆ. ಅವರಿಗೆ ರಿಗ್ ಮಾಡಿಕೊಡಲು ಬೇರೆಯವರಿದ್ದಾರೆ, ಲೈಟಿಂಗ್‌ಗೆ ಬೇರೆಯವರಿದ್ದಾರೆ. ನೀವು ಎಲ್ಲವನ್ನೂ ಒಬ್ಬರೇ ಮಾಡುತ್ತಿದ್ದೀರಿ.

ಅಂದರೆ ನೀವು ಸೋಮಾರಿ ಅಲ್ಲ, ದಡ್ಡರೂ ಅಲ್ಲ. ಯೋಜನೆಯೇ ದೊಡ್ಡದಾಗಿತ್ತು. ಈ ತಪ್ಪನ್ನು ನಾನು ವರ್ಷ ವರ್ಷವೂ ನೋಡುತ್ತೇನೆ. ಓದುವಾಗ ನಾನೂ ಇದನ್ನೇ ಮಾಡಿದ್ದೆ. ಕಥೆ ಬರೆಯುವಾಗ ಐದು ನಿಮಿಷ ತುಂಬಾ ಚಿಕ್ಕದಾಗಿ ಕಾಣುತ್ತದೆ, ಅಲ್ವಾ? ಟೈಮ್‌ಲೈನ್ ತೆರೆದಾಗಲೇ ಅದು ಎಷ್ಟು ಉದ್ದ ಅಂತ ಗೊತ್ತಾಗುವುದು.

ನನ್ನ ಸಲಹೆ ನೇರವಾಗಿದೆ. ಕಥೆಯನ್ನು 90 ಸೆಕೆಂಡಿಗೆ ಇಳಿಸಿ. ನಿಮಗೆ ಇದು ಕೈ ಕತ್ತರಿಸಿಕೊಂಡ ಹಾಗೆ ಅನ್ನಿಸುತ್ತದೆ ಅಂತ ಗೊತ್ತು. ಆದರೆ ಕಥೆಯನ್ನು ಮತ್ತೊಮ್ಮೆ ನೋಡಿ. ಅಜ್ಜ, ಪೆಟ್ಟಿಗೆ, ಬಾಗಿಲು. ಎತ್ತಲು ಹೋಗುತ್ತಾನೆ, ಆಗುವುದಿಲ್ಲ. ಮುಚ್ಚಳ ತೆರೆದು ಒಳಗಿನದನ್ನು ನೋಡುತ್ತಾನೆ. ಒಂದೇ ಒಂದು ವಸ್ತು ತೆಗೆದುಕೊಂಡು ಪೆಟ್ಟಿಗೆ ಅಲ್ಲೇ ಬಿಟ್ಟು ಹೋಗುತ್ತಾನೆ. ನೀವು ಬರೆದ ಕಥೆಯ ಜೀವ ಇಷ್ಟರಲ್ಲೇ ಇದೆ. ಪಕ್ಕದ ಮನೆಯವರು, ಬೀದಿ, ಹಳೆಯ ದಿನಗಳ ನೆನಪಿನ ದೃಶ್ಯ ಬಿಟ್ಟರೂ ಕಥೆ ನಿಲ್ಲುತ್ತದೆ. ಈಗ ಮಾಡಿರುವ 70 ಸೆಕೆಂಡಿನಲ್ಲಿ 50 ಸೆಕೆಂಡು ಉಳಿಯಿತು ಅಂದುಕೊಳ್ಳಿ. ಹೊಸದಾಗಿ ಬೇಕಿರುವುದು 40 ಸೆಕೆಂಡು. ಆರು ವಾರ ಅನಿಮೇಷನ್‌ಗೆ ಇಟ್ಟರೆ ವಾರಕ್ಕೆ ಹೆಚ್ಚು ಕಮ್ಮಿ ಏಳು ಸೆಕೆಂಡು. ಕಷ್ಟ, ಆದರೆ ಆಗದ ಕೆಲಸ ಅಲ್ಲ. ಎರಡು ವಾರ ಲೈಟಿಂಗ್ ಮತ್ತು ರೆಂಡರ್, ಒಂದು ವಾರ ಧ್ವನಿ ಮತ್ತು ಎಡಿಟಿಂಗ್. ಕೊನೆಯ ಒಂದು ವಾರ ಖಾಲಿ ಇರಲಿ. ಏನೋ ಒಂದು ಕೆಟ್ಟೇ ಕೆಡುತ್ತದೆ, ಆ ವಾರ ಅದಕ್ಕೆ ಬೇಕು.

18 ನಿಮಿಷದ ರೆಂಡರ್ ಬಗ್ಗೆಯೂ ಹೇಳಬೇಕು. ನೀವು ಕಳಿಸಿದ ಚಿತ್ರದಲ್ಲಿ ಕೋಣೆ ತುಂಬಾ ದೂಳಿನ ಮಂಜು ಇದೆ, ಅಜ್ಜನ ಮೈಮೇಲೆ ಒಂದೊಂದು ಕೂದಲೂ ಬೇರೆಯಾಗಿ ಕಾಣುತ್ತದೆ. ಬೆಳಕಿನ ಕಿರಣ ಆ ಮಂಜಿನೊಳಗೆ ಎಲ್ಲೆಲ್ಲಿ ಚದುರುತ್ತದೆ ಅಂತ ಕಂಪ್ಯೂಟರ್ ಪ್ರತಿ ಫ್ರೇಮ್‌ನಲ್ಲೂ ಹೊಸದಾಗಿ ಲೆಕ್ಕ ಹಾಕಬೇಕು. ಸಮಯ ಹೋಗುತ್ತಿರುವುದು ಅಲ್ಲಿಗೆ. ಮಂಜನ್ನು ಸೀನ್‌ನಿಂದ ತೆಗೆದುಬಿಡಿ, ಕಂಪೋಸಿಟಿಂಗ್‌ನಲ್ಲಿ, ಅಂದರೆ ರೆಂಡರ್ ಆದ ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸುವಾಗ, ಮೇಲೆ ಒಂದು ಪದರವಾಗಿ ಸೇರಿಸಿ. ಸ್ಯಾಂಪಲ್ (ಚಿತ್ರದ ಪ್ರತಿ ಚುಕ್ಕೆಗೆ ಲೆಕ್ಕ ಹಾಕುವ ಕಿರಣಗಳ ಸಂಖ್ಯೆ) ಕಡಿಮೆ ಮಾಡಿ, ಅದರಿಂದ ಬರುವ ಕಾಳು ಕಾಳನ್ನು ಅಳಿಸುವ ಡಿನಾಯ್ಸರ್ ಹಾಕಿ. ಕ್ಯಾಮೆರಾ ಅಲ್ಲಾಡದ ಶಾಟ್‌ಗಳಲ್ಲಿ ಹಿನ್ನೆಲೆಯನ್ನು ಒಮ್ಮೆ ಮಾತ್ರ ರೆಂಡರ್ ಮಾಡಿ ಇಟ್ಟುಕೊಳ್ಳಿ. ಹೀಗೆ ಮಾಡಿ ಫ್ರೇಮಿಗೆ 6 ನಿಮಿಷಕ್ಕೆ ತಂದರೂ 90 ಸೆಕೆಂಡಿನ 2,160 ಫ್ರೇಮ್ ಒಂಬತ್ತು ದಿನದಲ್ಲಿ ಮುಗಿಯುತ್ತದೆ. ಯಾವತ್ತೂ ನೇರ ವಿಡಿಯೊ ಫೈಲ್ ಆಗಿ ರೆಂಡರ್ ಮಾಡಬೇಡಿ. ಬಿಡಿ ಬಿಡಿ ಚಿತ್ರಗಳ ಸಾಲಾಗಿ ಮಾಡಿ. 1,400ನೇ ಫ್ರೇಮ್‌ನಲ್ಲಿ ಕರೆಂಟ್ ಹೋದರೆ 1,400ರಿಂದಲೇ ಮುಂದುವರಿಸಬಹುದು. ವಿಡಿಯೊ ಫೈಲ್ ಆಗಿದ್ದರೆ ಎಲ್ಲಾ ಹೋಯಿತು.

ಬ್ಯಾಕಪ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. 1998ರಲ್ಲಿ ಅಮೆರಿಕದ ಅನಿಮೇಷನ್ ಸ್ಟುಡಿಯೊ ಪಿಕ್ಸಾರ್‌ನಲ್ಲಿ ಯಾರೋ ತಪ್ಪಾಗಿ ಕೊಟ್ಟ ಒಂದು ಕಮಾಂಡ್‌ನಿಂದ 'ಟಾಯ್ ಸ್ಟೋರಿ 2'ರ ಫೈಲ್‌ಗಳು ಸರ್ವರ್‌ನಿಂದ ಅಳಿಸಿಹೋಗತೊಡಗಿದವು. ಬ್ಯಾಕಪ್ ತೆಗೆಯಲು ಹೋದರೆ ಅದೂ ಸರಿಯಾಗಿ ಕೆಲಸ ಮಾಡಿರಲಿಲ್ಲ. ಮಗು ಹುಟ್ಟಿದ ಕಾರಣ ಮನೆಯಿಂದ ಕೆಲಸ ಮಾಡುತ್ತಿದ್ದ ಒಬ್ಬ ತಂತ್ರಜ್ಞೆಯ ಕಂಪ್ಯೂಟರ್‌ನಲ್ಲಿ ಸಿನಿಮಾದ ಒಂದು ಪ್ರತಿ ಇತ್ತು. ಅದನ್ನು ಹೊದಿಕೆಯಲ್ಲಿ ಸುತ್ತಿ ಕಾರಿನಲ್ಲಿ ತಂದರು. ಅಷ್ಟು ದೊಡ್ಡ ಕಡೆಯೇ ಹೀಗಾಗಿದೆ. ಈ ಪತ್ರ ಓದಿದ ಕೂಡಲೇ ನಿಮ್ಮ ಫೋಲ್ಡರ್‌ನ ಎರಡು ಪ್ರತಿ ಮಾಡಿ. ಒಂದು ಮನೆಯ ಹೊರಗೆ ಇರಲಿ. ಎರಡನ್ನೂ ತೆರೆದು ನೋಡಿ.

ಈಗ ಎರಡನೆಯ ಭಯ. ನಿಮಗೆ ಈ ಕೆಲಸ ಬರುತ್ತದಾ?

ನಿಮ್ಮ 12 ಸೆಕೆಂಡಿನ ಶಾಟ್ ಅನ್ನು ಒಂದೊಂದೇ ಫ್ರೇಮ್ ಸರಿಸಿ ನೋಡಿದೆ. ನಿಮ್ಮ ಫೈಲ್ ನಾನು ತೆರೆದಿಲ್ಲ. ಆದರೆ 96ನೇ ಫ್ರೇಮ್‌ನಲ್ಲಿ ಸೊಂಟ, ಬೆನ್ನು, ಭುಜ, ಕೈ, ಪೆಟ್ಟಿಗೆ ಎಲ್ಲಕ್ಕೂ ಒಂದೇ ಕಡೆ ಕೀ (ಈ ಫ್ರೇಮ್‌ನಲ್ಲಿ ಭಂಗಿ ಹೀಗಿರಲಿ ಎಂಬ ಗುರುತು) ಹಾಕಿದ್ದೀರಿ, ಮುಂದಿನ ಕೀ 120ರಲ್ಲಿದೆ ಅಂತ ಧೈರ್ಯವಾಗಿ ಹೇಳಬಲ್ಲೆ. ನಡುವಿನ ಫ್ರೇಮ್‌ಗಳನ್ನು ಕಂಪ್ಯೂಟರ್‌ಗೆ ಬಿಟ್ಟಿದ್ದೀರಿ. ತೇಲುವುದು ಇಲ್ಲಿಂದಲೇ ಬಂದಿದೆ. ಎರಡು ಕೀ ಕೊಟ್ಟರೆ ಕಂಪ್ಯೂಟರ್ ಅವುಗಳ ನಡುವೆ ನುಣುಪಾದ ಒಂದು ಗೆರೆ ಎಳೆಯುತ್ತದೆ, ಅಷ್ಟೇ. ಪೆಟ್ಟಿಗೆ ಭಾರ ಅಂತ ಅದಕ್ಕೆ ಗೊತ್ತಿಲ್ಲ. ಅಜ್ಜನ ಮಂಡಿ ನೋಯುತ್ತದೆ ಅಂತ ಗೊತ್ತಿಲ್ಲ. ಎಲ್ಲಾ ಅಂಗಗಳೂ ಒಟ್ಟಿಗೆ ಹೊರಟು ಒಟ್ಟಿಗೆ ನಿಲ್ಲುತ್ತವೆ. ನೀರಿನೊಳಗಿನ ಮನುಷ್ಯ ಹಾಗೇ ತಾನೇ ಕಾಣುವುದು?

ನೀವೇ ಒಂದು ಭಾರದ ವಸ್ತು ಎತ್ತಿ ನೋಡಿ. ಫೋನ್‌ನಲ್ಲಿ ಪಕ್ಕದಿಂದ ವಿಡಿಯೊ ಮಾಡಿಕೊಳ್ಳಿ. ಎತ್ತುವ ಮೊದಲು ಮೈ ಕೆಳಗೆ ಇಳಿಯುತ್ತದೆ. ಬೆರಳು ಹಿಡಿತ ಹುಡುಕುತ್ತದೆ. ಆಮೇಲೆ ಸೊಂಟ ಮೇಲಕ್ಕೆ ಹೊರಡುತ್ತದೆ, ಪೆಟ್ಟಿಗೆ ಮಾತ್ರ ಅಲ್ಲೇ ಕೂತಿರುತ್ತದೆ. ಮೊಣಕೈ ನೆಟ್ಟಗಾಗುತ್ತದೆ, ಭುಜ ಕೆಳಗೆ ಎಳೆದಂತಾಗುತ್ತದೆ. ಈ ಎಳೆದಾಟ ಆರೋ ಎಂಟೋ ಫ್ರೇಮ್ ಇದ್ದರೂ ಸಾಕು, ನೋಡುವವರಿಗೆ ಭಾರ ಗೊತ್ತಾಗಿಬಿಡುತ್ತದೆ. ಪೆಟ್ಟಿಗೆ ನೆಲ ಬಿಟ್ಟ ಕ್ಷಣ ಮೈ ಹಿಂದಕ್ಕೆ ವಾಲುತ್ತದೆ, ಯಾಕೆಂದರೆ ಈಗ ಎರಡರ ತೂಕವೂ ಪಾದಗಳ ಮೇಲೆ ನಿಲ್ಲಬೇಕು. ಒಂದು ಹೆಜ್ಜೆ ಹಿಂದೆ ಹೋಗುತ್ತದೆ. ನಿಮ್ಮ ಅಜ್ಜ ನೆಟ್ಟಗೆ ನಿಂತೇ ಎತ್ತುತ್ತಾನೆ. 131ರಿಂದ 140ರವರೆಗೆ ಅವನ ಎಡಗಾಲು ನೆಲದ ಮೇಲೆ ಜಾರುತ್ತದೆ, ಅದನ್ನೂ ನೋಡಿಕೊಳ್ಳಿ.

ಆದರೆ ಅದೇ ಶಾಟ್‌ನಲ್ಲಿ ಇನ್ನೊಂದು ಕಂಡೆ. ಎತ್ತುವ ಮೊದಲು ಅಜ್ಜ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಹೆಬ್ಬೆರಳಿನಿಂದ ದೂಳು ಸವರಿ, ಒಂದು ಕ್ಷಣ ಸುಮ್ನೆ ನಿಲ್ಲುತ್ತಾನೆ. ಅದನ್ನು ನಿಮಗೆ ಯಾರೂ ಹೇಳಿಕೊಟ್ಟಿರಲಾರರು. ಅದು ನೀವು ಯಾರನ್ನೋ ಗಮನವಿಟ್ಟು ನೋಡಿ ತಂದಿರುವುದು. ಭಾರ, ಟೈಮಿಂಗ್, ಜಾರುವ ಕಾಲು ಕಲಿಸಬಹುದಾದ ವಿಷಯಗಳು. ನಾನು ಎಷ್ಟೋ ಹೊಸಬರಿಗೆ ಕಲಿಸಿದ್ದೇನೆ. ಆ ಹೆಬ್ಬೆರಳು ಕಲಿಸಲು ತುಂಬಾ ಕಷ್ಟ. ಹಾಗಾಗಿ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಬರುತ್ತದೆ. ಇನ್ನೂ ಪೂರ್ತಿ ಬಂದಿಲ್ಲ.

ಎಲ್ಲಾ ಸ್ವಲ್ಪ ಸ್ವಲ್ಪ ಬರುತ್ತದೆ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಪದವಿಯ ಸ್ವರೂಪವೇ ಅದು. ಕಥೆಯನ್ನು ಚಿತ್ರಗಳ ಸಾಲಾಗಿ ಬರೆಯುವ ಸ್ಟೋರಿಬೋರ್ಡ್‌ನಿಂದ ಕಂಪೋಸಿಟಿಂಗ್‌ವರೆಗೆ ಇಡೀ ಹಾದಿಯನ್ನು ಒಮ್ಮೆ ನಡೆಸಿ ತೋರಿಸುತ್ತಾರೆ. ಯಾವ ಕೆಲಸದಲ್ಲಿ ಕೂತರೆ ನಿಮಗೆ ಹೊತ್ತು ಹೋಗುವುದು ಗೊತ್ತಾಗುವುದಿಲ್ಲ ಅಂತ ನೀವೇ ಕಂಡುಕೊಳ್ಳಬೇಕು. ಎಲ್ಲಾ ಸಾಫ್ಟ್‌ವೇರ್ ಬಂದರೇನೇ ಕೆಲಸ ಎನ್ನುವುದು ಸುಳ್ಳು. ಮಾಯಾ ಕಲಿತವರು ಬ್ಲೆಂಡರ್‌ಗೆ ಬರಲು ಕೆಲವು ವಾರ ಸಾಕು. ಟೈಮಿಂಗ್ ಗೊತ್ತಿಲ್ಲದವರಿಗೆ ಹತ್ತು ಸಾಫ್ಟ್‌ವೇರ್ ಬಂದರೂ ಪ್ರಯೋಜನ ಇಲ್ಲ. ಚಿತ್ರ ಬರೆಯಲು ಬರದಿದ್ದರೆ ಅನಿಮೇಟರ್ ಆಗಲು ಸಾಧ್ಯವಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ತ್ರೀಡಿಯಲ್ಲಿ ಒಂದು ಭಂಗಿಯನ್ನು ಕಡ್ಡಿ ಗೊಂಬೆಯ ಹಾಗೆ ಗೀಚಿ ತೋರಿಸಲು ಬಂದರೆ ಸಾಕು. ಕಾನ್ಸೆಪ್ಟ್ ಆರ್ಟ್, ಸ್ಟೋರಿಬೋರ್ಡ್ ಕಡೆ ಹೋಗುವುದಾದರೆ ಮಾತ್ರ ಕೈ ಚೆನ್ನಾಗಿ ಪಳಗಿರಬೇಕು.

ಮೂರನೆಯ ಭಯ ಸುಳ್ಳಲ್ಲ. ಅದನ್ನು ಮುಚ್ಚಿಡುವುದಿಲ್ಲ.

ಈ ಕ್ಷೇತ್ರದಲ್ಲಿ ಕೆಲಸ ಪ್ರಾಜೆಕ್ಟ್ ಮೇಲೆ ನಿಂತಿದೆ. ಸಿನಿಮಾ ಬಂದಾಗ ಜನ ಬೇಕು, ಮುಗಿದಾಗ ಬೇಡ. ಅದರ ಮೇಲೆ, ಶೂಟ್ ಮಾಡಿದ ದೃಶ್ಯಗಳಿಗೆ ಕಂಪ್ಯೂಟರ್ ಚಿತ್ರ ಸೇರಿಸುವ ಎಫೆಕ್ಟ್ಸ್ ಸ್ಟುಡಿಯೊಗಳು ಮೊದಲೇ ಒಂದು ಮೊತ್ತಕ್ಕೆ ಒಪ್ಪಿಕೊಂಡು ಕೆಲಸ ಹಿಡಿಯುತ್ತವೆ. ಆಮೇಲೆ ನಿರ್ದೇಶಕರು ಹತ್ತು ಸಲ ಬದಲಾವಣೆ ಕೇಳಿದರೆ ಆ ಖರ್ಚು ಹೆಚ್ಚಾಗಿ ಸ್ಟುಡಿಯೊ ತಲೆಗೇ ಬರುತ್ತದೆ. 2013ರ ಫೆಬ್ರವರಿಯಲ್ಲಿ 'ಲೈಫ್ ಆಫ್ ಪೈ' ಸಿನಿಮಾದ ಎಫೆಕ್ಟ್ಸ್‌ಗೆ ಆಸ್ಕರ್ ಬಂತು. ಆ ಕೆಲಸದ ಮುಖ್ಯ ಭಾಗ ಮಾಡಿದ್ದ ರಿದಮ್ ಅಂಡ್ ಹ್ಯೂಸ್ ಸ್ಟುಡಿಯೊ ಅದೇ ತಿಂಗಳು ದಿವಾಳಿ ಅರ್ಜಿ ಹಾಕಿತ್ತು. ಅಷ್ಟು ಒಳ್ಳೆಯ ಕೆಲಸ ಮಾಡಿಯೂ ಉಳಿಯಲಿಲ್ಲ. 2023ರಲ್ಲಿ ಹಾಲಿವುಡ್‌ನ ಬರಹಗಾರರು, ನಟರು ತಿಂಗಳುಗಟ್ಟಲೆ ಮುಷ್ಕರ ಹೂಡಿದಾಗ ಶೂಟಿಂಗ್ ನಿಂತಿತು. ಶೂಟಿಂಗ್ ನಿಂತರೆ ಕೆಲವು ತಿಂಗಳ ನಂತರ ಎಫೆಕ್ಟ್ಸ್ ಕೆಲಸವೂ ಬತ್ತುತ್ತದೆ. 2024ರಲ್ಲಿ ಪಿಕ್ಸಾರ್ ತನ್ನ ನೌಕರರಲ್ಲಿ ಸುಮಾರು ಶೇ 14ರಷ್ಟು ಜನರನ್ನು ಬಿಟ್ಟಿತು. 2025ರ ಆರಂಭದಲ್ಲಿ ಟೆಕ್ನಿಕಲರ್ ಗುಂಪು ಕುಸಿದು ಅದರ ಎಂಪಿಸಿಯಂಥ ದೊಡ್ಡ ಎಫೆಕ್ಟ್ಸ್ ಸ್ಟುಡಿಯೊಗಳು ಹಲವು ದೇಶಗಳಲ್ಲಿ ಬಾಗಿಲು ಹಾಕಿದವು. ಹಾಗೆ ಕೆಲಸ ಕಳೆದುಕೊಂಡ ಅನುಭವಿಗಳೂ ಈಗ ಅರ್ಜಿ ಹಾಕುತ್ತಿದ್ದಾರೆ. ನಿಮಗಿಂತ ಮುಂಚೆ ಮುಗಿಸಿದವರಿಗೆ ಕೆಲಸ ಸಿಗದಿದ್ದರೆ ಅದಕ್ಕೆ ಅವರ ಕೊರತೆ ಮಾತ್ರ ಕಾರಣವಲ್ಲ.

ಎಐ ವಿಷಯಕ್ಕೆ ಬಂದರೆ, ಮುಟ್ಟಿದೆ. ರೋಟೋಸ್ಕೋಪಿಂಗ್ (ವಿಡಿಯೊದಲ್ಲಿರುವ ಆಕಾರಗಳನ್ನು ಫ್ರೇಮ್ ಫ್ರೇಮ್ ಗೆರೆ ಎಳೆದು ಬೇರ್ಪಡಿಸುವುದು), ಮೋಷನ್ ಕ್ಯಾಪ್ಚರ್ (ನಟರ ಚಲನೆಯನ್ನು ಕಂಪ್ಯೂಟರ್‌ಗೆ ಹಿಡಿಯುವುದು) ತೊಳೆದು ಸರಿಮಾಡುವುದು, ಸಣ್ಣಪುಟ್ಟ ಹಿನ್ನೆಲೆ ಚಿತ್ರಗಳು, ಇಂಥ ಕೆಲಸಗಳ ಒಂದಷ್ಟು ಭಾಗ ಯಂತ್ರಕ್ಕೆ ಹೋಗುತ್ತಿದೆ. ಹೊಸಬರು ಒಳಗೆ ಬರುತ್ತಿದ್ದ ಬಾಗಿಲು ಇವೇ ಆಗಿದ್ದವು, ಅದಕ್ಕೇ ನನಗೆ ನೋವಾಗುತ್ತದೆ. ಆದರೆ ನನ್ನ ದಿನದ ಕೆಲಸ ಹೇಗಿದೆ ಅಂತ ಹೇಳುತ್ತೇನೆ. ನಿರ್ದೇಶಕರು ಬಂದು, 'ಕೈ ಹಾಗೇ ಇರಲಿ, ಕಣ್ಣು ಮಾತ್ರ ಮೂರು ಫ್ರೇಮ್ ಮುಂಚೆ ತಿರುಗಲಿ' ಅನ್ನುತ್ತಾರೆ. ಬರೆದು ಕೊಟ್ಟ ಸಾಲಿನಿಂದ ವಿಡಿಯೊ ಹುಟ್ಟಿಸುವ ಯಂತ್ರಕ್ಕೆ ಹಾಗೆ ಹೇಳಿದರೆ ಕೈ, ಗೋಡೆ, ಅಂಗಿ ಕೂಡ ಬದಲಾಗಿ ಬರಬಹುದು. ಮನುಷ್ಯರ ಕೈ ಇಲ್ಲದೆ ಹುಟ್ಟಿದ ಚಿತ್ರಕ್ಕೆ ಕಾಪಿರೈಟ್ ಕೊಡುವುದಿಲ್ಲ ಎನ್ನುವುದು ಅಮೆರಿಕದ ಕಾಪಿರೈಟ್ ಕಚೇರಿಯ ನಿಲುವು. ಅದರಿಂದ ದೊಡ್ಡ ಕಂಪನಿಗಳು ಎಚ್ಚರದಿಂದ ಹೆಜ್ಜೆ ಇಡುತ್ತವೆ. ಮುಂದಿನ ಹತ್ತು ವರ್ಷ ಹೀಗೇ ಇರುತ್ತದೆ ಅಂತ ನಾನು ಭರವಸೆ ಕೊಡಲಾರೆ. ಕೆಲಸ ಕೇಳುವಾಗ ಕಳಿಸುವ ನಿಮ್ಮ ಶೋರೀಲ್‌ನಲ್ಲಿ (ಒಳ್ಳೆಯ ಶಾಟ್‌ಗಳ ಚಿಕ್ಕ ವಿಡಿಯೊ) ಎಲ್ಲಾದರೂ ಎಐ ಬಳಸಿದ್ದರೆ ಅದನ್ನು ಬರೆದು ತಿಳಿಸಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಆ ಕಡೆ ಮತ್ತೆ ಕರೆಯುವುದಿಲ್ಲ.

ಇನ್ನು ನೀವು ಕೇಳಿದ ದಾರಿಗಳು.

ಒಂದು ಸೆಮಿಸ್ಟರ್ ಮುಂದೂಡುವುದು. ಆರೋಗ್ಯ ಕೆಟ್ಟಿದ್ದರೆ, ಮಣಿಕಟ್ಟು ನೋವು ಬಂದು ಮೌಸ್ ಹಿಡಿಯಲು ಆಗದಿದ್ದರೆ, ಖಂಡಿತ ಮುಂದೂಡಿ. ಸಿನಿಮಾ ದೊಡ್ಡದಿದೆ ಎಂಬ ಒಂದೇ ಕಾರಣಕ್ಕೆ ಬೇಡ. ಸಮಯ ಸಿಕ್ಕಷ್ಟೂ ಸಿನಿಮಾ ಹಿಗ್ಗುತ್ತದೆ. ಐದು ತಿಂಗಳಾದ ಮೇಲೆ ಇದೇ ಪತ್ರವನ್ನು ಮತ್ತೆ ಬರೆಯುತ್ತೀರಿ ಅನ್ನುವುದು ನನ್ನ ಆತಂಕ. ಜೊತೆಗೆ ಓದಿದವರೆಲ್ಲ ಹೊರಟುಹೋದ ಮೇಲೆ ಲ್ಯಾಬ್‌ನಲ್ಲಿ ಒಬ್ಬರೇ ಕೂತು ಮುಗಿಸುವುದು ಬಲು ಕಷ್ಟ. 90 ಸೆಕೆಂಡೂ ಆಗದು ಅನ್ನಿಸಿದರೆ ಇನ್ನೊಂದು ದಾರಿ ಇದೆ. ಕಥೆ ಪೂರ್ತಿ ಅನಿಮ್ಯಾಟಿಕ್‌ನಲ್ಲಿರಲಿ (ಸ್ಟೋರಿಬೋರ್ಡ್ ಚಿತ್ರಗಳನ್ನೇ ಸಮಯಕ್ಕೆ ತಕ್ಕಂತೆ ಜೋಡಿಸಿದ ವಿಡಿಯೊ), ನಡುವೆ ಮೂರು ಶಾಟ್ ಮಾತ್ರ ಕೊನೆಯ ಮಟ್ಟಕ್ಕೆ ಮುಗಿಸಿ ಒಪ್ಪಿಸಿ. ಅಂಕ ಕಡಿಮೆ ಬರಬಹುದು, ಆದ್ದರಿಂದ ಮೊದಲೇ ಮೇಷ್ಟ್ರ ಹತ್ತಿರ ಹೋಗಿ ಮಾತಾಡಿ. ಗಡುವಿಗೆ ಹತ್ತು ವಾರ ಇರುವಾಗ ಕೇಳಿದರೆ ಒಪ್ಪುವವರು ಎರಡು ದಿನ ಇರುವಾಗ ಒಪ್ಪುವುದಿಲ್ಲ.

ಇನ್ನೊಂದು ಕೋರ್ಸ್. ಯಾವ ವಿಷಯದಲ್ಲಿ ಅಂತ ಒಂದೇ ಮಾತಿನಲ್ಲಿ ಹೇಳಲು ಬಂದರೆ ಸೇರಿ. ಪಾತ್ರದ ಅಭಿನಯ ಕಲಿಯಬೇಕು, ಇಂಥ ಅನಿಮೇಟರ್ ನನ್ನ ಶಾಟ್ ವಾರ ವಾರ ತಿದ್ದುತ್ತಾರೆ, ಅಂದರೆ ಸರಿ. ಕೆಲಸ ಸಿಗದ ಭಯಕ್ಕೆ ಮಾತ್ರ ಸೇರುವುದಾದರೆ ಬೇಡ. ಸಾಲ ಬೆಳೆಯುತ್ತದೆ, ಭಯ ಅಲ್ಲೇ ಇರುತ್ತದೆ.

ಸಿನಿಮಾ ಬಿಟ್ಟು ಬೇರೆ ಕಡೆ ನೋಡುವುದು ಸೋಲು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಗೇಮ್‌ಗಳಿಗೆ ನಡಿಗೆ, ಓಟ, ಜಿಗಿತದ ಸೈಕಲ್ (ಮತ್ತೆ ಮತ್ತೆ ಓಡಿಸುವ ಚಲನೆಯ ತುಣುಕು) ಮಾಡುವವರು ಬೇಕು. ವೈದ್ಯಕೀಯ ಪಾಠಗಳಿಗೆ, ಕಟ್ಟಡಗಳ ಮಾದರಿಗೆ, ಜಾಹೀರಾತಿಗೆ ಅನಿಮೇಷನ್ ಬೇಕು. ಇಂಥ ಸಣ್ಣ ತಂಡಗಳಲ್ಲಿ ನಿಮ್ಮ 'ಎಲ್ಲಾ ಸ್ವಲ್ಪ ಸ್ವಲ್ಪ' ಉಪಯೋಗಕ್ಕೆ ಬರುತ್ತದೆ. ತೊಂದರೆ ಏನೆಂದರೆ, ಎರಡು ವರ್ಷ ಅಲ್ಲಿದ್ದು ಪಾತ್ರದ ಅನಿಮೇಷನ್ ಮುಟ್ಟದಿದ್ದರೆ ಕೈ ಆರಿಹೋಗುತ್ತದೆ. ವಾರಕ್ಕೊಂದು ಸಂಜೆಯಾದರೂ ಅದಕ್ಕೆ ಇಟ್ಟುಕೊಳ್ಳಿ. ಬಿಡಿ ಕೆಲಸ ಹಿಡಿಯುವುದಾದರೆ ಮುಂಗಡ ತೆಗೆದುಕೊಳ್ಳಿ, ಎಷ್ಟು ಸಲ ಬದಲಾಯಿಸುತ್ತೀರಿ ಅಂತ ಮೊದಲೇ ಬರೆದುಕೊಳ್ಳಿ. 'ಟೆಸ್ಟ್' ಅಂತ ಹೇಳಿ ಪೂರ್ತಿ ಶಾಟ್‌ಗಳನ್ನು ಬಿಟ್ಟಿ ಮಾಡಿಸಿಕೊಳ್ಳುವವರಿದ್ದಾರೆ. ನನಗೂ ಹಾಗಾಗಿದೆ. ಮೂರು ವಾರ ಕೂತು ಮಾಡಿಕೊಟ್ಟೆ, ಕೊನೆಗೆ ಫೋನ್ ಕೂಡ ಎತ್ತಲಿಲ್ಲ. ಇನ್ನೊಂದು ಮಾತು. ವಿದ್ಯಾರ್ಥಿಗಳಿಗೆ ಕೊಡುವ ಮಾಯಾ ಲೈಸೆನ್ಸ್ ಕಲಿಯಲು ಮಾತ್ರ, ಅದರಲ್ಲಿ ದುಡ್ಡಿನ ಕೆಲಸ ಮಾಡುವಂತಿಲ್ಲ. ಬ್ಲೆಂಡರ್‌ಗೆ ಆ ತೊಡಕಿಲ್ಲ, ಅದು ಎಲ್ಲರಿಗೂ ಉಚಿತ. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ 'ಫ್ಲೋ' ಸಿನಿಮಾವನ್ನು ಬ್ಲೆಂಡರ್‌ನಲ್ಲೇ ಮಾಡಿ 2025ರಲ್ಲಿ ಆಸ್ಕರ್ ಗೆದ್ದರು. ಆ ಸಿನಿಮಾಕ್ಕೆ ತಂಡ ಇತ್ತು. ಅದಕ್ಕೂ ಮುಂಚಿನ ತಮ್ಮ ಮೊದಲ ಚಿತ್ರವನ್ನು ಅವರು ಒಬ್ಬರೇ ಕೂತು ಮಾಡಿದ್ದರು.

ಪದವಿ ದಂಡವಾಯಿತಾ ಅಂತ ಕೇಳಿದ್ದೀರಿ. ಅರ್ಜಿ ಬಂದಾಗ ನಾನು ಮೊದಲು ತೆರೆಯುವುದು ಶೋರೀಲ್. ಅಂಕಪಟ್ಟಿಯನ್ನು ಕೇಳಿದ ನೆನಪಿಲ್ಲ. ಆದರೆ ಬೇರೆ ದೇಶಕ್ಕೆ ಕೆಲಸದ ವೀಸಾ ಬೇಕಾದಾಗ, ಮುಂದೆ ಪಾಠ ಹೇಳಬೇಕೆನಿಸಿದಾಗ ಪದವಿ ಬಹಳ ಕಡೆ ಲೆಕ್ಕಕ್ಕೆ ಬರುತ್ತದೆ. ಇಷ್ಟು ಹತ್ತಿರ ಬಂದು ಬಿಡಬೇಡಿ.

ರೀಲ್ ಒಂದು ನಿಮಿಷ ಇದ್ದರೆ ಧಾರಾಳ. ಒಳ್ಳೆಯ ಶಾಟ್ ಮೊದಲಿಗೆ ಬರಲಿ, ಯಾಕೆಂದರೆ ದಿನಕ್ಕೆ ನಲವತ್ತು ರೀಲ್ ನೋಡುವವರು ಹದಿನೈದು ಸೆಕೆಂಡಿನಲ್ಲಿ ಅಂದಾಜು ಮಾಡಿಬಿಡುತ್ತಾರೆ. ಕೆಟ್ಟ ಶಾಟ್ ಒಂದಿದ್ದರೆ, ಇವರಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲವೇನೋ ಎಂಬ ಅನುಮಾನ ಬರುತ್ತದೆ. ರಿಗ್ ನಿಮ್ಮದಲ್ಲದಿದ್ದರೆ ಯಾರದು ಅಂತ ಬರೆಯಿರಿ. ನಿಮ್ಮ 90 ಸೆಕೆಂಡಿನ ಸಿನಿಮಾದಿಂದ ರೀಲ್‌ಗೆ ನಾಲ್ಕು ಶಾಟ್ ಬಂದರೂ ಸಾಕು.

ಅದರಲ್ಲಿ ಒಂದು ಈ ಪೆಟ್ಟಿಗೆಯ ಶಾಟ್ ಆಗಿರಲಿ. ನಾಳೆ ಎಲ್ಲಾ ಕರ್ವ್‌ಗಳನ್ನು (ಕೀಗಳ ನಡುವೆ ಕಂಪ್ಯೂಟರ್ ಎಳೆದ ಆ ಗೆರೆಗಳನ್ನು) ಸ್ಟೆಪ್ಡ್‌ಗೆ, ಅಂದರೆ ನಡುವೆ ಜಾರದೆ ಭಂಗಿಯಿಂದ ಭಂಗಿಗೆ ನೆಗೆಯುವ ಹಾಗೆ, ಬದಲಾಯಿಸಿ, 96ರಿಂದ ಮುಂದಿನ ಕೀಗಳನ್ನು ಅಳಿಸಿ. ಮೊದಲು ಸೊಂಟ ಮಾತ್ರ ಮಾಡಿ. ಸೊಂಟ ಒಂದನ್ನೇ ನೋಡಿದರೂ ಪೆಟ್ಟಿಗೆ ಭಾರ ಅಂತ ಅನ್ನಿಸುವವರೆಗೆ ಕೈಗೆ ಹೋಗಬೇಡಿ. ಹೆಬ್ಬೆರಳಿನ ಭಾಗ ಮಾತ್ರ ಮುಟ್ಟಬೇಡಿ, ಅದು ಹಾಗೇ ಇರಲಿ. ಮಾಡಿ ಕಳಿಸಿ, ಕೂತು ನೋಡುತ್ತೇನೆ.